ತೋಟದ ಒಂಟಿ ಮನೆಗೆ ಆತ್ಮರಕ್ಷಣೆಗೆ ಅಂತ ಗನ್ ಲೈಸೆನ್ಸ್ ಮಾಡಿಸಬೇಕಾ?

ಬೇಡ. "ಮನೆಯಲ್ಲಿ ಗನ್ ಇದೆ ಅಂತ ಗೊತ್ತಾದರೆ ಸಾಕು, ಕಳ್ಳರು ಹತ್ತಿರ ಸುಳಿಯಲ್ಲ" ಅಂತ ಬರೆದಿದ್ದೀರಲ್ಲ, ನಾನೂ ಅದನ್ನೇ ನಂಬಿ ಕೂತಿದ್ದವನು.

ನಮ್ಮದು ಮಲೆನಾಡಿನ ಅಡಿಕೆ ತೋಟ. ಅಪ್ಪನ ಕಾಲದ್ದೊಂದು ಜೋಡು ನಳಿಗೆಯ ಕೋವಿ ಇತ್ತು, ಬೆಳೆ ರಕ್ಷಣೆಯ ಲೈಸೆನ್ಸ್. ಹಂದಿ, ಮಂಗ ಓಡಿಸಲು ಬಿಟ್ಟರೆ ಅಪ್ಪ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಎಲ್ಲಿಡುತ್ತಾರೆ ಅಂತ ನೆಂಟರಿಗೂ ಗೊತ್ತಿರಲಿಲ್ಲ. ಅವರು ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ನಾನು ಜಗುಲಿಯಲ್ಲೇ ಕೂತು, ನಳಿಗೆಗೆ ಎಣ್ಣೆಬಟ್ಟೆ ತೂರಿಸಿ ಒರೆಸುತ್ತಿದ್ದೆ. ಬೇಕಂತಲೇ. ಅಡಿಕೆ ಕೊನೆ ಕೊಯ್ಯಲು ಬಂದವರು ನೋಡಲಿ, ಅಡಿಕೆ ವ್ಯಾಪಾರಿ ನೋಡಲಿ, ನಾಲ್ಕು ಜನರ ಬಾಯಿಗೆ ಬಿದ್ದರೆ ಅದೇ ಕಾವಲು ಅನ್ನುವ ಲೆಕ್ಕ. ಯಾರೋ ಕೇಳಿದಾಗ ತೋಟಾ, ಅಂದರೆ ಕೋವಿಯ ಗುಂಡು, ಯಾವ ಕಪಾಟಿನಲ್ಲಿದೆ ಅಂತಲೂ ಹೇಳಿದ್ದೆ. ಈಗಲೂ ಆ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಕಪಾಟಿಗೆ ಬೀಗವೇನೋ ಇತ್ತು. ಬೀಗದ ಕೈ ಅದರ ಮೇಲೇ ಇರುತ್ತಿತ್ತು.

ನೆಂಟರ ಮದುವೆಗೆ ಮನೆಮಂದಿಯೆಲ್ಲ ಹೋಗಿದ್ದೆವು. ಹಿಂದಿನ ಮಾಡಿನ ಹೆಂಚು ಸರಿಸಿ ಒಳಗಿಳಿದಿದ್ದಾರೆ. ಬಂಗಾರ ಬ್ಯಾಂಕ್ ಲಾಕರಿನಲ್ಲಿತ್ತು. ಟಿವಿ ಮುಟ್ಟಿಲ್ಲ. ಕೋವಿ, ತೋಟಾ ಡಬ್ಬಿ ಅಷ್ಟೇ ಇಲ್ಲ. ಕೋವಿಗೆ ಹೆದರಬೇಕಾದವರು ಕೋವಿಗೆಂದೇ ಬಂದಿದ್ದರು!

ಆಮೇಲಿನ ಓಡಾಟ ಕೇಳಬೇಡಿ. ಎಫ್ಐಆರ್ ಆಯ್ತು. ಸುರಕ್ಷಿತವಾಗಿ ಯಾಕೆ ಇಡಲಿಲ್ಲ ಅಂತ ನೋಟಿಸ್ ಬಂತು. ಲೈಸೆನ್ಸ್ ಅಮಾನತಾಯ್ತು. ಕೋವಿ ಇನ್ನೂ ಸಿಕ್ಕಿಲ್ಲ. ಸುತ್ತಮುತ್ತ ಎಲ್ಲಿ ಗುಂಡಿನ ಸುದ್ದಿ ಕೇಳಿದರೂ ಎದೆ ಧಸಕ್ ಅನ್ನುತ್ತದೆ, ಅದರ ನಂಬರ್ ಇರುವುದು ನನ್ನ ಹೆಸರಿನಲ್ಲಿ ತಾನೇ.

ರಿವಾಲ್ವರೋ ಕೋವಿಯೋ ಅನ್ನುವ ನಿಮ್ಮ ಪ್ರಶ್ನೆಗೆ ನಾನು ಹೋಗುವುದೇ ಇಲ್ಲ. ಕಳ್ಳ ಹೆದರಬೇಕಾದರೆ ಗನ್ ಇರುವುದು ನಾಲ್ಕು ಜನರಿಗೆ ಗೊತ್ತಿರಬೇಕು. ಕಳುವಾಗಬಾರದು ಅಂದರೆ ಯಾರಿಗೂ ಗೊತ್ತಿರಬಾರದು. ಗೋಡೆಗೆ ಬೋಲ್ಟ್ ಹಾಕಿದ ಪೆಟ್ಟಿಗೆಯಲ್ಲಿ ಗನ್, ಬೇರೆ ಕಡೆ ಗುಂಡು ಅಂತ ಸರಿಯಾಗಿ ಇಟ್ಟಿರಿ ಅನ್ನಿ, ನಡುರಾತ್ರಿ ಕತ್ತಲಲ್ಲಿ ಎರಡು ಬೀಗದ ಕೈ ಹುಡುಕುವಷ್ಟರಲ್ಲಿ ಕಳ್ಳ ಎದುರಿಗಿರುತ್ತಾನೆ. ಎಲೆಕ್ಷನ್ ಬಂದರೆ ಸಾಮಾನ್ಯವಾಗಿ ಅದನ್ನು ಠಾಣೆಗೆ ಒಪ್ಪಿಸು ಅಂತಾರೆ, ಅದು ಬೇರೆ.

ಕಾನೂನು ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ, ನಿಜ. ಮೊದಲು ಐಪಿಸಿಯಲ್ಲಿತ್ತು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ. ಬೆನ್ನು ತಿರುಗಿಸಿ ಓಡುವವನಿಗೆ ಹೊಡೆದು, ಆಮೇಲೆ ಅದು ಆತ್ಮರಕ್ಷಣೆ ಅಂತ ಕೋರ್ಟನ್ನು ಒಪ್ಪಿಸಿ ನೋಡಿ! ಕೊಡವರಿಗೆ, ಕೊಡಗಿನಲ್ಲಿ ತಲೆತಲಾಂತರದಿಂದ ಬಂದ ಜಮ್ಮಾ ಭೂಮಿ ಇರುವವರಿಗೆ ಲೈಸೆನ್ಸೇ ಬೇಡ ಅಲ್ವಾ ಅಂದಿದ್ದೀರಿ. ಅದು ಅವರ ಹಳೆಯ ಪದ್ಧತಿಗೆ ಸಿಕ್ಕ ವಿನಾಯಿತಿ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಪೂಜೆ ಮಾಡುವ ಮನೆಗಳವು. ನಿಮಗೂ ನನಗೂ ಅದರ ಉದಾಹರಣೆ ಸಲ್ಲದು.

ನಾನೀಗ ಎರಡು ನಾಯಿ ಸಾಕಿದ್ದೇನೆ, ಹಿತ್ತಿಲಿಗೆ ದೀಪ ಹಾಕಿಸಿದ್ದೇನೆ. ನಾವು ಊರಿಗೆ ಹೋದರೆ ಕೆಳಗಿನ ಮನೆಯ ಹುಡುಗ ಬಂದು ಮಲಗುತ್ತಾನೆ, ಅವರು ಹೋದರೆ ನಮ್ಮವನು ಹೋಗುತ್ತಾನೆ. ಲೈಸೆನ್ಸಿನ ಅಮಾನತು ತೆಗೆಸು, ಅರ್ಜಿ ಹಾಕು ಅಂತ ಭಾವ ಸಿಕ್ಕಾಗಲೆಲ್ಲ ಹೇಳುತ್ತಾರೆ. ನಾನು ಹಾಕಿಲ್ಲ.