ಸೋಲುವವರಿಗೆ ಹಾಕಿದ ಮತ ವ್ಯರ್ಥವೇ?

ಮೆಚ್ಚಿದ ಅಭ್ಯರ್ಥಿ ಸೋಲುವುದು ಖಚಿತವೆಂದು ಗೊತ್ತಿದ್ದೂ ಅವರಿಗೇ ಮತ ಹಾಕಿದರೆ ಅದು ವ್ಯರ್ಥವಲ್ಲವೇ ಎಂದು ಕೇಳಿದ್ದೀರಿ. ನಾನೂ ಹಲವು ಬಾರಿ ಸೋತವರಿಗೇ ಮತ ಹಾಕಿದವನು. ಆ ಮತಗಳಿಂದ ಫಲಿತಾಂಶ ಬದಲಾಗಲಿಲ್ಲವೆಂಬುದನ್ನು ಒಪ್ಪುತ್ತೇನೆ. ಅವು ವ್ಯರ್ಥವಾದವು ಎಂಬುದನ್ನು ಒಪ್ಪಲಾರೆ.

ಫಲಿತಾಂಶವನ್ನು ಬದಲಿಸದ ಮತವೆಲ್ಲ ವ್ಯರ್ಥವೆಂದಾದರೆ, 50,000 ಮತಗಳ ಅಂತರದಿಂದ ಗೆದ್ದವರಿಗೆ ಬಿದ್ದ ಮತಗಳಲ್ಲಿ 49,999 ಕೂಡ ವ್ಯರ್ಥವೇ ಆಗಬೇಕು. ಅವು ಇಲ್ಲದಿದ್ದರೂ ಅವರು ಗೆಲ್ಲುತ್ತಿದ್ದರಲ್ಲವೇ? ರಾಜ್ಯಶಾಸ್ತ್ರಜ್ಞರು ಸೋತವರ ಮತಗಳೊಂದಿಗೆ ಈ ಹೆಚ್ಚುವರಿ ಮತಗಳನ್ನೂ ವ್ಯರ್ಥದ ಲೆಕ್ಕಕ್ಕೆ ಸೇರಿಸುವುದುಂಟು. ಆದರೆ ಗೆದ್ದವರ ಕಡೆಯ ಮತದಾರರು ಯಾರೂ ಹಾಗೆಂದು ಕೊರಗುವುದಿಲ್ಲ. ಕೊರಗು ಸೋತವರ ಕಡೆಯವರಿಗೆ ಮಾತ್ರ ಏಕಿರಬೇಕು?

ಸೋತ ಮತ ಏನು ಮಾಡಬಲ್ಲದು ಎಂಬುದಕ್ಕೆ ನ್ಯೂಜಿಲೆಂಡಿನ ಉದಾಹರಣೆ ನನ್ನ ಮನಸ್ಸಿನಲ್ಲಿ ಸದಾ ಇರುತ್ತದೆ. ಅಲ್ಲಿ 1981ರ ಚುನಾವಣೆಯಲ್ಲಿ ಸೋಶಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷಕ್ಕೆ ಶೇ. 20ಕ್ಕೂ ಹೆಚ್ಚು ಮತಗಳು ಬಂದರೂ 92 ಸ್ಥಾನಗಳಲ್ಲಿ ಸಿಕ್ಕಿದ್ದು ಎರಡೇ. ಆ ವರ್ಷವೂ ಅದಕ್ಕೆ ಮುಂಚೆ 1978ರಲ್ಲೂ ಹೆಚ್ಚು ಮತ ಪಡೆದದ್ದು ಲೇಬರ್ ಪಕ್ಷ, ಅಧಿಕಾರಕ್ಕೆ ಬಂದದ್ದು ನ್ಯಾಷನಲ್ ಪಕ್ಷ. ಕ್ಷೇತ್ರದ ಮಟ್ಟಿಗೆ ನೋಡಿದರೆ ಸೋಶಿಯಲ್ ಕ್ರೆಡಿಟ್‌ಗೆ ಬಿದ್ದ ಆ ಲಕ್ಷಾಂತರ ಮತಗಳಲ್ಲಿ ಹೆಚ್ಚಿನವು ಯಾರನ್ನೂ ಗೆಲ್ಲಿಸಲಿಲ್ಲ. ಆದರೆ ಅವು ಎಣಿಕೆಗೆ ಬಂದು ದಾಖಲೆಯಲ್ಲಿ ಉಳಿದಿದ್ದರಿಂದಲೇ ಜನರು ಕೊಟ್ಟ ಮತಕ್ಕೂ ಸಿಕ್ಕ ಸ್ಥಾನಕ್ಕೂ ತಾಳೆಯಿಲ್ಲವೆಂಬುದು ಎಲ್ಲರಿಗೂ ಕಂಡಿತು. 1986ರಲ್ಲಿ ಸರ್ಕಾರ ನೇಮಿಸಿದ್ದ ರಾಯಲ್ ಆಯೋಗವೊಂದು ಪದ್ಧತಿಯನ್ನೇ ಬದಲಿಸಲು ಶಿಫಾರಸು ಮಾಡಿತು, 1993ರ ಜನಮತಗಣನೆಯಲ್ಲಿ ಜನರು ಅದನ್ನು ಒಪ್ಪಿದರು, 1996ರ ಚುನಾವಣೆಯಿಂದ ಪಕ್ಷಗಳಿಗೆ ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನಗಳು ಸಿಗತೊಡಗಿದವು. ಹೇಗೂ ಗೆಲ್ಲುವುದಿಲ್ಲವೆಂದು ಆ ಮತದಾರರು ಮೊದಲೇ ದೊಡ್ಡ ಪಕ್ಷಗಳತ್ತ ಸರಿದುಬಿಟ್ಟಿದ್ದರೆ ಈ ಅನ್ಯಾಯ ಅಂಕಿಗಳಲ್ಲಿ ಕಾಣಿಸುತ್ತಲೇ ಇರಲಿಲ್ಲ.

ಅನುಪಾತದ ಪದ್ಧತಿ ಬಂದರೆ ಎಲ್ಲವೂ ಸರಿಹೋಗುತ್ತದೆಂದೂ ನಾನು ಹೇಳುವುದಿಲ್ಲ. ಜರ್ಮನಿಯಲ್ಲಿ ಸಂಸತ್ತಿನಲ್ಲಿ ಪಾಲು ಪಡೆಯಲು ಪಕ್ಷವೊಂದಕ್ಕೆ ಸಾಮಾನ್ಯವಾಗಿ ಶೇ. 5ರಷ್ಟು ಮತ ಬೇಕು. 2013ರಲ್ಲಿ ಎಫ್‌ಡಿಪಿ ಎಂಬ ಪಕ್ಷ ಶೇ. 4.8 ಪಡೆದು ಒಂದೂ ಸ್ಥಾನವಿಲ್ಲದೆ ಉಳಿಯಿತು. ಆಸ್ಟ್ರೇಲಿಯಾದ ಸಂಸತ್ ಚುನಾವಣೆಗಳಲ್ಲಿ ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯ ನೀಡುವುದರಿಂದ, ಮೊದಲ ಆಯ್ಕೆಯವರು ಕಣದಿಂದ ಹೊರಬಿದ್ದಾಗ ಆ ಮತ ಮುಂದಿನ ಆಯ್ಕೆಯವರಿಗೆ ಸಲ್ಲುತ್ತದೆ. ಅಲ್ಲಿ ನಿಮ್ಮ ಈ ಸಂಕಟವೇ ಬಹುಮಟ್ಟಿಗೆ ಏಳುವುದಿಲ್ಲ.

ಒಬ್ಬರಿಗೆ ಒಂದೇ ಮತವಿರುವ ಕಡೆ, ಇಬ್ಬರ ನಡುವೆ ನಿಕಟ ಸ್ಪರ್ಧೆಯಿದ್ದು ಅವರಲ್ಲಿ ಒಬ್ಬರು ಗೆದ್ದರೆ ಅನಾಹುತವಾದೀತೆಂದು ನಿಮಗೆ ನಿಜವಾಗಿ ಅನ್ನಿಸಿದರೆ, ಮೆಚ್ಚಿನವರನ್ನು ಬಿಟ್ಟು ಇನ್ನೊಬ್ಬರಿಗೆ ಮತ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಪ್ರತಿ ಚುನಾವಣೆಯಲ್ಲೂ ಹಾಗೆಯೇ ಮಾಡುತ್ತಾ ಹೋದರೆ ಮಾತ್ರ ನಿಮ್ಮ ಮೆಚ್ಚಿನವರಿಗೆ ಎಷ್ಟು ಬೆಂಬಲವಿತ್ತೆಂಬುದು ಅವರಿಗೂ ತಿಳಿಯುವುದಿಲ್ಲ, ಊರಿಗೂ ತಿಳಿಯುವುದಿಲ್ಲ.

ನಿಜವಾಗಿ ವ್ಯರ್ಥವಾಗುವುದು ಎಣಿಕೆಗೇ ಬಾರದ ಮತ. 2000ದ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರದ ವಿನ್ಯಾಸ ಗೊಂದಲಮಯವಾಗಿತ್ತು. ಅಲ್ಲಿ ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳಿಗೆ ಗುರುತು ಬಿದ್ದ 19,000ಕ್ಕೂ ಹೆಚ್ಚು ಮತಪತ್ರಗಳು ತಿರಸ್ಕೃತವಾದವು. ಇಡೀ ಫ್ಲೋರಿಡಾದಲ್ಲಿ ಗೆಲುವಿನ ಅಂತರ 537 ಮತಗಳು.