ಮಲಗಿ ಗುರಿಯಿಟ್ಟಾಗ ಮಾತ್ರ ಸ್ಕೋಪ್‌ನಲ್ಲಿ ಕಪ್ಪು ನೆರಳು

ರೈಫಲ್ ಸ್ಕೋಪ್‌ನಲ್ಲಿ, ಅಂದರೆ ಗುರಿಯಿಡುವ ದುರ್ಬೀನಿನಲ್ಲಿ, ನಿಂತಾಗ ಸರಿಯಾಗಿ ಕಂಡು, ಮಲಗಿದಾಗ ಸುತ್ತ ಕಪ್ಪು ಬಳೆ ಬರುತ್ತಿದೆ ಅಂದರೆ ಬಹುಶಃ ಕಣ್ಣು ಸ್ಕೋಪ್‌ಗೆ ತೀರಾ ಹತ್ತಿರವಾಗಿದೆ. ಮಲಗಿದಾಗ ತಲೆ ತಾನಾಗಿ ಮುಂದಕ್ಕೆ ಜಾರುತ್ತದೆ. ಒದೆತ ಜಾಸ್ತಿ ಇರುವ ರೈಫಲ್ ಆದರೆ ಹುಬ್ಬಿಗೆ ಏಟು ಗ್ಯಾರಂಟಿ, ಹಾಗೇ ಬಿಡಬೇಡಿ. ನೆರಳು ಒಂದೇ ಬದಿಗಿದ್ದರೆ ಕೆನ್ನೆಯ ಎತ್ತರದ ಸಮಸ್ಯೆ ಇರಬಹುದು.

ರೈಫಲ್ ಖಾಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಕಣ್ಣು ಮುಚ್ಚಿ ಮಲಗಿ, ಕೆನ್ನೆ ಆರಾಮಾಗಿ ಊರಿ, ಆಮೇಲೆ ಕಣ್ಣು ತೆರೆಯಿರಿ. ಕಣ್ಣು ಸ್ಕೋಪ್‌ನ ನಡುವಿಗೆ ಬರುವಂತೆ ಚೀಕ್‌ಪೀಸ್ (ಕೆನ್ನೆ ಊರುವ ಭಾಗ) ಏರಿಸಿ ಅಥವಾ ಇಳಿಸಿ. ಈಗ ಝೂಮ್ ಪೂರ್ತಿ ಏರಿಸಿ, ಸ್ಕೋಪನ್ನು ಹಿಡಿದಿರುವ ರಿಂಗ್ ಸಡಿಲಿಸಿ, ಬಳೆ ಹೋಗುವಷ್ಟು ಮಾತ್ರ ಸ್ಕೋಪನ್ನು ಮುಂದೆ ಸರಿಸಿ. ನಿಂತೂ ನೋಡಿ. ಎರಡಕ್ಕೂ ಒಗ್ಗದಿದ್ದರೆ ಮಲಗುವ ಭಂಗಿಗೆ ಬಟ್‌ಪ್ಯಾಡ್ (ಭುಜಕ್ಕೆ ಒರಗುವ ಮೆತ್ತೆ) ಮತ್ತು ಸ್ಟಾಕ್ (ರೈಫಲ್‌ನ ಹಿಂಭಾಗದ ಹಿಡಿ) ನಡುವೆ ಸ್ಪೇಸರ್ (ಅಂತರ ಹೆಚ್ಚಿಸುವ ಪಟ್ಟಿ) ಸೇರಿಸಿ. ಎಷ್ಟು ದಪ್ಪ ಎಂಬುದು ಹಾಕಿ ನೋಡಿದರೇ ಗೊತ್ತಾಗುವುದು. ರಿಂಗ್ ಬಿಗಿ ಮಾಡಿದ ಮೇಲೆ ರೇಂಜ್‌ನಲ್ಲಿ ಮತ್ತೆ ಝೀರೊ ಮಾಡಿಕೊಳ್ಳಿ, ಅಂದರೆ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಸ್ಕೋಪ್ ಹೊಂದಿಸಿಕೊಳ್ಳಿ.