ಹೃದಯ, ಶ್ವಾಸಕೋಶದ ಪುನಶ್ಚೇತನ ವಿಭಾಗದಲ್ಲಿ ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್ (ರೋಗಿಗಳಿಗೆ ತಕ್ಕ ವ್ಯಾಯಾಮ ಮಾಡಿಸುವ ತಜ್ಞರು) ಕೆಲಸ ಜಿಮ್ ಟ್ರೇನರ್ ಥರಾನಾ?

ಅಲ್ಲ. ಜಿಮ್‌ಗೆ ಬರುವವರು ಮೈ ಗಟ್ಟಿಯಾಗಲಿ ಅಂತ ಬರುತ್ತಾರೆ, ನಮ್ಮ ಹತ್ತಿರ ಬರುವವರಲ್ಲಿ ಎಷ್ಟೋ ಜನ ಹೆದರಿಕೊಂಡು ಬರುತ್ತಾರೆ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ, ಬೈಪಾಸ್ ಆದವರಿಗೆ, ಎದೆ ಸ್ವಲ್ಪ ಜೋರಾಗಿ ಬಡಿದರೂ ಮತ್ತೆ ಏನೋ ಆಯ್ತು ಅನಿಸುತ್ತದೆ. ಆ ಭಯ ಕಳೆಯುವುದೇ ಅರ್ಧ ಕೆಲಸ.

ಶುರುವಿನಲ್ಲಿ ಸಾಮಾನ್ಯವಾಗಿ 6 ನಿಮಿಷದ ನಡಿಗೆ ಪರೀಕ್ಷೆ ಇರುತ್ತದೆ. ಎಷ್ಟು ಮೀಟರ್ ನಡೆದರು, ಎಲ್ಲಿ ನಿಂತರು, ಆಕ್ಸಿಜನ್ ಎಷ್ಟಕ್ಕೆ ಇಳಿಯಿತು ಅಂತ ಬರೆದುಕೊಳ್ಳುತ್ತೇವೆ. ಆಮೇಲೆ ಟ್ರೆಡ್‌ಮಿಲ್, ಸೈಕಲ್, ಹಗುರ ತೂಕ. ಪರದೆ ಮೇಲೆ ಇಸಿಜಿ ಓಡುತ್ತಿರುತ್ತದೆ, ಮಧ್ಯೆ ಮಧ್ಯೆ ಬಿಪಿ ನೋಡುತ್ತೇವೆ. ಆದರೆ ಪರದೆಯಷ್ಟೇ ಮುಖವನ್ನೂ ನೋಡುತ್ತಿರಬೇಕು. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಎಷ್ಟೇ ಶ್ರಮಪಟ್ಟರೂ ನಾಡಿ ಅಷ್ಟಾಗಿ ಏರುವುದಿಲ್ಲ, ಹಾಗಾಗಿ ನಾಡಿಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ, ಅದಕ್ಕೇ ಬೋರ್ಗ್ ಸ್ಕೇಲ್ ತೋರಿಸಿ, 6ರಿಂದ 20ರೊಳಗೆ ಎಷ್ಟು ಕಷ್ಟ ಅನಿಸುತ್ತಿದೆ ಹೇಳಿ ಅಂತ ಅವರನ್ನೇ ಕೇಳುತ್ತೇವೆ. 15 ದಾಟಿದರೆ ವೇಗ ಇಳಿಸುತ್ತೇನೆ. ಕೊನೆಗೆ ಸುಮ್ನೆ ಇಳಿದು ಹೋಗಲು ಬಿಡುವುದಿಲ್ಲ, ನಿಧಾನ ನಡೆಸಿಯೇ ನಿಲ್ಲಿಸಬೇಕು, ಇಲ್ಲದಿದ್ದರೆ ಬಿಪಿ ಕುಸಿದು ತಲೆ ಸುತ್ತಬಹುದು.

ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರ ಕಷ್ಟ ಬೇರೆ. ಒಳಗೆಳೆದ ಉಸಿರು ಪೂರ್ತಿ ಹೊರಗೆ ಬರುವುದಿಲ್ಲ. ಮೂಗಲ್ಲಿ ಎಳೆದು, ಸೀಟಿ ಹಾಕುವ ಹಾಗೆ ತುಟಿ ಮಾಡಿ ನಿಧಾನ ಊದಿ ಅಂತ ಹೇಳಿಕೊಡುತ್ತೇವೆ. ಮೊಣಕಾಲಿಗೆ ಕೈ ಊರಿ ಏದುಸಿರು ಬಿಡುತ್ತಿದ್ದವರ ಭುಜ ಮೆಲ್ಲಗೆ ಕೆಳಗಿಳಿಯುತ್ತದಲ್ವಾ, ಆ ಗಳಿಗೆ ನನಗೆ ತುಂಬಾ ಇಷ್ಟ.

ಈ ಕೆಲಸಕ್ಕೆ ಬರುವುದಾದರೆ ಇಸಿಜಿ ಓದುವುದನ್ನು ಚೆನ್ನಾಗಿ ಕಲಿಯಿರಿ. ಬರವಣಿಗೆ ಕೆಲಸವೂ ಜಾಸ್ತಿನೇ ಇರುತ್ತದೆ.